ಆ್ಯಪ್‌ಗಳು ಪದೇ ಪದೇ ಅಪ್‌ಡೇಟ್ ಕೇಳುವುದು ಕಂಪನಿಗಳ ಕುತಂತ್ರವೇ?

“ವಾರಕ್ಕೊಮ್ಮೆ ಅಪ್‌ಡೇಟ್ ಕೇಳುವ ಆ್ಯಪ್ ಎಂದರೆ ಅರೆಬೆಂದ ಆ್ಯಪ್. ಅಪ್‌ಡೇಟ್ ಹೆಸರಿನಲ್ಲಿ ನಿಮ್ಮ ಫೋನನ್ನು ನಿಧಾನ ಮಾಡಿ ಹೊಸದು ಕೊಳ್ಳುವಂತೆ ಮಾಡುತ್ತಾರೆ. ಇವತ್ತೇ ಆಟೋ ಅಪ್‌ಡೇಟ್ ಆಫ್ ಮಾಡಿ, ಎಲ್ಲ ಗ್ರೂಪಿಗೂ ಕಳಿಸಿ.”

ಈ ಧಾಟಿಯ ಫಾರ್ವರ್ಡ್ ನಿಮ್ಮ ಮನೆಯ ಗ್ರೂಪಿಗೂ ಬಂದಿರಬಹುದು. ಇದನ್ನು ನಂಬಿ ಅಪ್‌ಡೇಟ್ ನಿಲ್ಲಿಸಿದರೆ ನಷ್ಟ ಆಗುವುದು ನಮಗೇ. ಯಾಕೆ ಎಂದು ತಿಳಿಯಲು, ಸಾಫ್ಟ್‌ವೇರ್ ಹೇಗೆ ತಯಾರಾಗುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

ಒಂದೇ ಸಲಕ್ಕೆ ಸರಿಯಾಗಿ ಮಾಡಿ ಮುಗಿಸಬಾರದೇ?

ಮನೆ ಕಟ್ಟುವಾಗ ಮೊದಲು ನಕ್ಷೆ, ಆಮೇಲೆ ಪಾಯ, ಗೋಡೆ, ಕೊನೆಗೆ ತಾರಸಿ. ಸಾಫ್ಟ್‌ವೇರನ್ನೂ ಹೀಗೇ ಕಟ್ಟಬಹುದು ಎಂಬ ಎಣಿಕೆ ಹಿಂದೆ ಇತ್ತು. ಬೇಕಾದುದನ್ನೆಲ್ಲ ಮೊದಲೇ ಪಟ್ಟಿ ಮಾಡಿ, ವಿನ್ಯಾಸ ಮಾಡಿ, ಕೋಡ್ ಬರೆದು, ಕೊನೆಗೆ ಪರೀಕ್ಷಿಸುವುದು. ನೀರು ಮೇಲಿಂದ ಕೆಳಕ್ಕಷ್ಟೇ ಬೀಳುವಂತೆ ಕೆಲಸವೂ ಒಂದೇ ದಿಕ್ಕಿಗೆ ಸಾಗುವುದರಿಂದ ಇದಕ್ಕೆ ‘ವಾಟರ್‌ಫಾಲ್’ ಮಾದರಿ ಎಂಬ ಹೆಸರು ಬಂತು. ಇದರ ಮೂಲ ಎಂದು ಹಲವರು ತೋರಿಸುವುದು ಅಮೆರಿಕದ ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧವನ್ನು. ಸ್ವಾರಸ್ಯವೆಂದರೆ, ಹೀಗೆ ನೇರವಾಗಿ ಸಾಗುವುದು ಅಪಾಯಕಾರಿ ಎಂದು ರಾಯ್ಸ್ ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಪರೀಕ್ಷೆ ಕೊನೆಯಲ್ಲಿದ್ದರೆ ತಪ್ಪು ಗೊತ್ತಾಗುವುದೂ ಕೊನೆಯಲ್ಲೇ. ಅಷ್ಟು ಹೊತ್ತಿಗೆ ತಿದ್ದಲು ಇಡೀ ವಿನ್ಯಾಸವನ್ನೇ ಬದಲಿಸಬೇಕಾಗಬಹುದು.

ಹಾಗಾಗಿ ಇಂದು ಬಹಳಷ್ಟು ಆ್ಯಪ್‌ಗಳು ಸುತ್ತು ಸುತ್ತಾಗಿ ಬೆಳೆಯುತ್ತವೆ. ಒಂದು ಸುತ್ತು ಎಂದರೆ ಸಾಮಾನ್ಯವಾಗಿ ಕೆಲವೇ ವಾರಗಳು. ಪ್ರತಿ ಸುತ್ತಿನಲ್ಲೂ ಸ್ವಲ್ಪ ಯೋಚನೆ, ಸ್ವಲ್ಪ ವಿನ್ಯಾಸ, ಸ್ವಲ್ಪ ಕೋಡ್, ಜೊತೆಗೆ ಪರೀಕ್ಷೆ. ಸುತ್ತು ಮುಗಿಯುವಾಗ ಚಿಕ್ಕದಾದರೂ ಕೆಲಸ ಮಾಡುವ ಸಾಫ್ಟ್‌ವೇರ್ ಕೈಯಲ್ಲಿರಬೇಕು. ಪ್ರತಿ ಸುತ್ತಿನಲ್ಲೂ ದೊಡ್ಡ ಅಪಾಯ ಯಾವುದೆಂದು ಹುಡುಕಿ ಅದನ್ನೇ ಮೊದಲು ನಿಭಾಯಿಸಬೇಕು ಎಂಬುದನ್ನು 1980ರ ದಶಕದಲ್ಲಿ ಬ್ಯಾರಿ ಬೋಹೆಮ್ ತಮ್ಮ ‘ಸ್ಪೈರಲ್’ ಮಾದರಿಯಲ್ಲಿ ಒತ್ತಿ ಹೇಳಿದರು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ‘ಅಜೈಲ್’ ಪ್ರಣಾಳಿಕೆ ಬರೆದ ಮೇಲೆ ಈ ಬಗೆಯ ಕೆಲಸ ಇನ್ನಷ್ಟು ಹರಡಿತು.

ಬಸ್ ಟಿಕೆಟ್ ಬುಕ್ ಮಾಡುವ ಆ್ಯಪ್ ಒಂದನ್ನು ಊಹಿಸಿಕೊಳ್ಳೋಣ. ಮೊದಲ ಸುತ್ತಿನಲ್ಲಿ ಅಂದಚಂದದ ಗೊಡವೆ ಇಲ್ಲ. ಒಂದೇ ಸೀಟನ್ನು ಇಬ್ಬರು ಒಂದೇ ಕ್ಷಣದಲ್ಲಿ ಒತ್ತಿದರೆ ಯಾರಿಗೆ ಸಿಗಬೇಕು? ಈ ಕಷ್ಟದ ಪ್ರಶ್ನೆಯನ್ನು ಮೊದಲು ಬಗೆಹರಿಸಬೇಕು. ಎರಡನೇ ಸುತ್ತಿನಲ್ಲಿ ಟಿಕೆಟ್ ರದ್ದು ಮಾಡುವುದು, ಹಣ ವಾಪಸ್ ಕೊಡುವುದು. ಮೂರನೆಯದರಲ್ಲಿ ಸ್ಲೀಪರ್ ಬಸ್. ‘ಹತ್ತುವ ಸ್ಟಾಪ್ ಬದಲಿಸಲು ಆಗುತ್ತಿಲ್ಲ’ ಎಂದು ಜನ ದೂರಿದರೆ ಮುಂದಿನ ಸುತ್ತಿನ ಕೆಲಸ ಸಿದ್ಧ. ನಿಮ್ಮ ಫೋನಿಗೆ ಬರುವ ಅಪ್‌ಡೇಟ್ ಇಂಥದೇ ಒಂದು ಸುತ್ತಿನ ಫಲ.

ಒಂದನ್ನು ಬದಲಿಸಿದರೆ ಇನ್ನೊಂದು ಕೆಡುವುದಿಲ್ಲವೇ?

ಕೆಡಬಹುದು. ಅದನ್ನು ತಪ್ಪಿಸಲು ನೆರವಾಗುವ ಒಂದು ವಿಧಾನ ‘ಆಬ್ಜೆಕ್ಟ್ ಓರಿಯೆಂಟೆಡ್’ ಮಾಡೆಲಿಂಗ್. ಇದರ ಬೇರು ನಾರ್ವೆಯಲ್ಲಿದೆ. ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ 1960ರ ದಶಕದಲ್ಲಿ ರೂಪಿಸಿದ ‘ಸಿಮ್ಯುಲಾ’ ಭಾಷೆ ಇದಕ್ಕೆ ನಾಂದಿ ಹಾಡಿತು.

ನಮ್ಮ ಬಸ್ ಆ್ಯಪ್‌ನಲ್ಲಿ ಬಸ್, ಸೀಟು, ಪ್ರಯಾಣಿಕ, ಟಿಕೆಟ್ ಎಂಬ ‘ಆಬ್ಜೆಕ್ಟ್’ಗಳಿವೆ ಎನ್ನೋಣ. ತಾನು ಖಾಲಿ ಇದೆಯೋ ಬುಕ್ ಆಗಿದೆಯೋ ಎಂಬ ಮಾಹಿತಿ ಸೀಟಿನ ಬಳಿಯೇ ಇರುತ್ತದೆ. ಬೇರೆ ಯಾವ ಭಾಗವೂ ಅದನ್ನು ನೇರವಾಗಿ ತಿದ್ದುವಂತಿಲ್ಲ, ‘ನನಗೆ ಬುಕ್ ಮಾಡಿಕೊಡು’ ಎಂದು ಸೀಟನ್ನೇ ಕೇಳಬೇಕು. ಹೀಗಾಗಿ ಬುಕಿಂಗ್ ನಿಯಮ ಬದಲಾದರೆ ಮುಖ್ಯವಾಗಿ ಸೀಟಿನೊಳಗಿನ ಕೋಡ್ ತಿದ್ದಿದರೆ ಸಾಕು, ಹಣ ಪಾವತಿಯ ಭಾಗವನ್ನು ಮುಟ್ಟಬೇಕಿಲ್ಲ. ಸ್ಲೀಪರ್ ಬರ್ತ್ ಬೇಕಾದಾಗ ಹೊಸದಾಗಿ ಶುರುಮಾಡುವುದೂ ಬೇಡ. ಅದೂ ಒಂದು ಬಗೆಯ ಸೀಟು, ಮೇಲಿನದೋ ಕೆಳಗಿನದೋ ಎಂಬುದಷ್ಟೇ ಹೆಚ್ಚಿನ ಮಾಹಿತಿ.

ಮಾಡೆಲ್‌ನಲ್ಲಿ ನಿಜಜೀವನದ ಎಲ್ಲವನ್ನೂ ತುಂಬುವುದಿಲ್ಲ. ಪ್ರಯಾಣಿಕನ ಹೆಸರು, ವಯಸ್ಸು, ಮೊಬೈಲ್ ನಂಬರ್ ಸಾಕು. ಅವನ ಎತ್ತರ, ತೂಕ ಟಿಕೆಟ್‌ಗೆ ಬೇಕಿಲ್ಲ. ಯಾವುದು ಬೇಕು, ಯಾವುದು ಬೇಡ ಎಂಬುದು ಮೊದಲ ದಿನವೇ ಪೂರ್ತಿ ಗೊತ್ತಾಗುವುದಿಲ್ಲ. ಸುತ್ತುಗಳು ಕಳೆದಂತೆ ಮಾಡೆಲ್ ಕೂಡ ತಿದ್ದುಪಡಿಯಾಗುತ್ತದೆ.

ಹಾಗಾದರೆ ಫಾರ್ವರ್ಡ್‌ನಲ್ಲಿ ನಿಜವೇ ಇಲ್ಲವೇ?

ಸ್ವಲ್ಪ ಇದೆ. ಬ್ಯಾಟರಿ ಹಳೆಯದಾದ ಕೆಲವು ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಫೋನ್ ಇದ್ದಕ್ಕಿದ್ದಂತೆ ಆಫ್ ಆಗುವುದನ್ನು ತಡೆಯಲು ಹಾಗೆ ಮಾಡಿದ್ದಾಗಿ ಹೇಳಿತು. ಆದರೆ ಅದು ಫೋನಿನ ಆಪರೇಟಿಂಗ್ ಸಿಸ್ಟಂನ ಅಪ್‌ಡೇಟ್, ಆ್ಯಪ್‌ನದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಇಂಥ ಅನಾಹುತ ತಪ್ಪಿಸಲೆಂದೇ ಅನೇಕ ಕಂಪನಿಗಳು ಅಪ್‌ಡೇಟನ್ನು ಮೊದಲು ಕೆಲವೇ ಜನರಿಗೆ ಕಳಿಸಿ, ತೊಂದರೆ ಇಲ್ಲವೆಂದು ಕಂಡ ಮೇಲೆ ಎಲ್ಲರಿಗೂ ಬಿಡುತ್ತವೆ.

ಅಪ್‌ಡೇಟ್ ಮಾಡದಿದ್ದರೆ ಏನಾಗುತ್ತದೆ?

2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ವೈರಸ್ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಅದು ಬಳಸಿಕೊಂಡ ದೋಷವನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು! 2019ರಲ್ಲಿ ವಾಟ್ಸ್‌ಆ್ಯಪ್ ಕರೆಯಲ್ಲೂ ಒಂದು ದೋಷ ಕಂಡುಬಂತು. ಕರೆ ಎತ್ತದಿದ್ದರೂ ಫೋನಿನೊಳಗೆ ಬೇಹುಗಾರಿಕೆ ಸಾಫ್ಟ್‌ವೇರ್ ನುಗ್ಗಿಸಲು ಅದರಿಂದ ಸಾಧ್ಯವಿತ್ತು. ಅದಕ್ಕೂ ಮದ್ದು ಅಪ್‌ಡೇಟೇ ಆಗಿತ್ತು.

ನಾವು ಏನು ಮಾಡಬೇಕು?

ಅಪ್‌ಡೇಟ್ ಎಷ್ಟು ಸಲ ಬಂತು ಎನ್ನುವುದಕ್ಕಿಂತ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ‘ವಾಟ್ಸ್‌ಆ್ಯಪ್ ಗೋಲ್ಡ್’, ‘ಪಿಂಕ್ ವಾಟ್ಸ್‌ಆ್ಯಪ್’ ಹೆಸರಿನಲ್ಲಿ ಹರಿದಾಡಿದ ಲಿಂಕ್‌ಗಳು ಮೋಸದವು. ಮೆಸೇಜಿನಲ್ಲಿ ಬಂದ ಲಿಂಕ್ ಅಥವಾ ಎಪಿಕೆ ಫೈಲ್‌ನಿಂದ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ತೆರೆದು ಅಲ್ಲಿಂದಲೇ ಅಪ್‌ಡೇಟ್ ಮಾಡಿ. ಡೇಟಾ ಉಳಿಸಬೇಕೆಂದರೆ ಆಟೋ ಅಪ್‌ಡೇಟನ್ನು ವೈಫೈಗೆ ಮಾತ್ರ ಸೀಮಿತಗೊಳಿಸಿ, ಪೂರ್ತಿ ಆಫ್ ಮಾಡಬೇಡಿ. ಬ್ಯಾಂಕ್ ಹಾಗೂ ಯುಪಿಐ ಆ್ಯಪ್‌ಗಳ ಅಪ್‌ಡೇಟನ್ನಂತೂ ತಡಮಾಡಲೇಬೇಡಿ.

ಕೊನೆಯ ಮಾತು: ಪದೇ ಪದೇ ಅಪ್‌ಡೇಟ್ ಬರುತ್ತಿದೆ ಎಂದರೆ ಆ್ಯಪ್ ಅರೆಬೆಂದಿದೆ ಎಂದಾಗಲಿ, ಕಂಪನಿ ಸಂಚು ಮಾಡುತ್ತಿದೆ ಎಂದಾಗಲಿ ಅರ್ಥವಲ್ಲ. ಆ ಫಾರ್ವರ್ಡ್ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಈ ವಿಷಯ ತಿಳಿಸಿ.