ಗಾಜಿನ ತೊಟ್ಟಿಯೊಳಗಿನ ಹವಳ

ನಮ್ಮ ಚಂದಕವಾಡಿಯ ಕಡೆ ಹವಳವೆಂದರೆ ತಾಳಿಯ ಅಕ್ಕಪಕ್ಕದಲ್ಲಿ ಕರಿಮಣಿಯೊಡನೆ ಪೋಣಿಸಿದ ಕೆಂಪು ಮಣಿ. ಇಲ್ಲವೆ, ಜಾತಕದಲ್ಲಿ ಕುಜ ಕೆಟ್ಟವರು ಬೆರಳಿಗೆ ಧರಿಸುವ ಉಂಗುರದ ಕಲ್ಲು. ಅದಕ್ಕೂ ಒಮ್ಮೆ ಜೀವವಿತ್ತೆಂಬ ಯೋಚನೆ ಯಾರಿಗೂ ಬರುವುದಿಲ್ಲ. ಬರುವುದಾದರೂ ಹೇಗೆ? ಕಡಲನ್ನು ಕಾಣಬೇಕಾದರೆ ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾಯ್ದು, ಸುಲ್ತಾನ್ ಬತ್ತೇರಿಯ ಮೇಲೆ ವೈನಾಡಿನ ಘಟ್ಟವಿಳಿದು ಕೋಳಿಕೋಡನ್ನು ಸೇರಬೇಕು.

ಆ ಕೆಂಪು ಹವಳ ಕೋಳಿಕೋಡಿನ ಕಡಲಿನದೂ ಅಲ್ಲ, ಮೆಡಿಟರೇನಿಯನ್ ಸಮುದ್ರದ್ದು. 17 ಮತ್ತು 18ನೆಯ ಶತಮಾನಗಳಲ್ಲಿ ಇಟಲಿಯ ಲಿವೋರ್ನೋ ಬಂದರಿನ ವರ್ತಕರು ಅದನ್ನು ಗೋವೆಗೆ ಕಳುಹಿಸಿ, ಬದಲಿಗೆ ನಮ್ಮ ನಾಡಿನ ವಜ್ರಗಳನ್ನು ತರಿಸಿಕೊಳ್ಳುತ್ತಿದ್ದರು. ಪ್ರಾಣಿಯ ಎಲುಬನ್ನು ಕೊಟ್ಟು ವಜ್ರವನ್ನು ಕೊಂಡ ಆ ವ್ಯಾಪಾರದಲ್ಲಿ ಜಾಣರು ಯಾರೆಂದು ನಿರ್ಣಯಿಸುವುದು ಓದುಗರಿಗೇ ಬಿಟ್ಟದ್ದು.

ಅದು ಪ್ರಾಣಿಯೆಂದು ಪಂಡಿತರಿಗೂ ಬಹುಕಾಲ ಗೊತ್ತಿರಲಿಲ್ಲ. 1720ರ ದಶಕದಲ್ಲಿ ಮಾರ್ಸೇಲ್ಸಿನ ವೈದ್ಯ ಪೆಸೋನೆಲ್ ಎಂಬಾತ, ಹವಳದ ಮೇಲೆ ಅರಳುವುದು ಹೂವಲ್ಲ, ಮುಟ್ಟಿದರೆ ಮುದುಡುವ ಜೀವಿ ಎಂದು ತೋರಿಸಿಕೊಟ್ಟ. ಪ್ಯಾರಿಸಿನ ವಿದ್ವಾಂಸ ರೆಯೊಮ್ಯೂರ್ ಆ ಮಾತನ್ನು ಸಭೆಯ ಮುಂದಿಟ್ಟಾಗ ಪೆಸೋನೆಲನ ಹೆಸರನ್ನೇ ಹೇಳಲಿಲ್ಲವಂತೆ. ಅಷ್ಟು ಹಾಸ್ಯಾಸ್ಪದವಾದ ಅಭಿಪ್ರಾಯವನ್ನು ಆಡಿದವನ ಮಾನ ಉಳಿಸುವ ಔದಾರ್ಯ ಅದು!

ಆಭರಣದ ಈ ಹವಳಕ್ಕೆ ದಾಯಾದಿಯಾದ ಇನ್ನೊಂದು ಕುಲವುಂಟು, ಅದೇ ಕಲ್ಲುಹವಳ. ಕೆಂಪು ಹವಳದ ಪುಟ್ಟ ಜೀವಿಗೆ ಬಾಯ ಸುತ್ತ ಎಂಟು ಎಳೆಗಳಾದರೆ, ಇದಕ್ಕೆ ಆರರ ಲೆಕ್ಕದಲ್ಲಿ. ಸುಣ್ಣದ ಬಟ್ಟಲನ್ನು ತಾನೇ ಕಟ್ಟಿಕೊಂಡು ಅದರಲ್ಲಿ ಕುಳಿತಿರುವುದು ಇದರ ಬಾಳು. ಕಡಲೊಳಗೆ ದಿಬ್ಬಗಳನ್ನೂ ದ್ವೀಪಗಳನ್ನೂ ಎಬ್ಬಿಸಿದ್ದು ಇದೇ. ಬಣ್ಣಬಣ್ಣದ ಈ ಜೀವಿಯನ್ನು ಮನೆಯೊಳಗೆ ಸಾಕಬೇಕೆಂಬ ಆಸೆ ಮೊದಲು ಕೈಗೂಡಿದ್ದು ಪ್ರಯೋಗಶಾಲೆಯಲ್ಲಲ್ಲ, ಒಬ್ಬ ಗೃಹಿಣಿಯ ಕೋಣೆಯಲ್ಲಿ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಆಕೆಯ ಹೆಸರು ಆನಾ ಥಿನ್. ಗಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಾದ್ರಿ. ಈಕೆಗೆ ಮೊದಲು ಕಲ್ಲು ಪಳೆಯುಳಿಕೆಗಳ ಹುಚ್ಚು. 1846ರ ಶರತ್ಕಾಲದಲ್ಲಿ ಇಂಗ್ಲೆಂಡಿನ ನೈರುತ್ಯ ತೀರದ ಟಾರ್ಕಿ ಎಂಬ ಊರಿನಲ್ಲಿದ್ದಾಗ ಬಂಡೆಗಳಿಗೆ ಅಂಟಿದ್ದ ಬಟ್ಟಲು ಹವಳಗಳನ್ನು ಕಂಡಳು. ಪಳೆಯುಳಿಕೆಯಾಗಿ ನೋಡಿದ್ದ ಜಾತಿಯೇ ಕಣ್ಣೆದುರಿಗೆ ಜೀವಂತವಾಗಿ ಬಾಯಿ ತೆರೆದಿತ್ತು! ಅವನ್ನು ಸೂಜಿದಾರದಿಂದ ದೊಡ್ಡದೊಂದು ಸ್ಪಂಜಿಗೆ ಹೊಲಿದು, ಸಮುದ್ರದ ನೀರು ತುಂಬಿದ ಜಾಡಿಯಲ್ಲಿರಿಸಿ, ಲಂಡನ್ನಿಗೆ ಕೊಂಡೊಯ್ದಳು. ಹೊಲಿಗೆಯ ಪೆಟ್ಟಿಗೆ ಪ್ರಾಣಿಶಾಸ್ತ್ರಕ್ಕೆ ಒದಗಿದ ಸಂದರ್ಭಗಳು ಹೆಚ್ಚಿರಲಾರವು.

ತೊಂದರೆ ಅಲ್ಲಿಂದಲೇ ಆರಂಭ. ಕಡಲ ನೀರು ಲಂಡನ್ನಿನ ನಲ್ಲಿಯಲ್ಲಿ ಬರುವುದಿಲ್ಲ, ದೂರದಿಂದ ತರಿಸಬೇಕು. ತಂದದ್ದು ನಿಂತಲ್ಲೇ ನಿಂತರೆ ಕೆಡುತ್ತದೆ. ಆಕೆ ಕಂಡುಕೊಂಡ ಉಪಾಯ ನಮ್ಮ ಹೋಟೆಲಿನ ಕಾಫಿಯನ್ನು ನೆನಪಿಗೆ ತರುವಂಥದು. ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯುವುದು, ಒಂದೊಂದು ಸಲಕ್ಕೂ ಅರ್ಧ ಮುಕ್ಕಾಲು ಗಂಟೆ. ನೀರು ಗಾಳಿಯನ್ನು ಹೀರಿ ಮತ್ತೆ ಬಳಕೆಗೆ ಬರುತ್ತಿತ್ತು. ಹೊಯ್ಯುತ್ತಿದ್ದವಳು ಮಾತ್ರ ಆಕೆಯಲ್ಲ, ಮನೆಗೆಲಸದ ಹುಡುಗಿ. ಆ ಮಗುವಿಗೆ ಅದೊಂದು ಆಟವೆಂಬಂತಿತ್ತೆಂದು ಒಡತಿ ಬರೆದಿದ್ದಾಳೆ. ಹುಡುಗಿ ಏನು ಬರೆಯುತ್ತಿದ್ದಳೋ ಕಾಣೆ. ಅವಳ ಹೆಸರನ್ನು ಒಡತಿ ಕಾಗದಕ್ಕಿಳಿಸಿಲ್ಲ. ಪೆಸೋನೆಲನ ಹೆಸರು ಕೊನೆಗಾದರೂ ಹೊರಬಿತ್ತು. ಇವಳದು ಅದೂ ಇಲ್ಲ. ಇಂದು ತೊಟ್ಟಿಗಳಲ್ಲಿ ಹಗಲಿರುಳು ಗುರುಗುಟ್ಟುವ ಪಂಪು ಮಾಡುವುದು ಅವಳ ಕೆಲಸವನ್ನೇ.

1847ರ ವಸಂತದಲ್ಲಿ ಆನಾ ಥಿನ್ ಕಡಲ ಸಸ್ಯಗಳನ್ನು ತರಿಸಿ ಅದೇ ನೀರಿನಲ್ಲಿ ಬೆಳೆಸಿದಳು. ಪ್ರಾಣಿ ಬಿಟ್ಟ ಕೆಟ್ಟ ಗಾಳಿ ಗಿಡಕ್ಕೆ, ಗಿಡ ಬಿಟ್ಟ ಪ್ರಾಣವಾಯು ಪ್ರಾಣಿಗೆ. ಹವಳಗಳು ವರ್ಷಗಟ್ಟಲೆ ಬದುಕಿದವಲ್ಲದೆ ಮರಿಗಳನ್ನೂ ಹಾಕಿದವು. ಇಂಥದೇ ಸಮತೋಲವನ್ನು ಸಿಹಿನೀರಿನಲ್ಲಿ ಸಾಧಿಸಿ ರಸಾಯನಶಾಸ್ತ್ರಜ್ಞ ವಾರಿಂಗ್ಟನ್ ಪ್ರಕಟಿಸಿದ್ದು 1850ರಲ್ಲಿ. ಈಕೆಯ ಟಿಪ್ಪಣಿಗಳು ಅಚ್ಚಾದದ್ದು 1859ರಲ್ಲಿ. ಅಷ್ಟರೊಳಗೆ ಫಿಲಿಪ್ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞ 1854ರ ತನ್ನ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಮಾತನ್ನು ಮನೆಮಾತಾಗಿಸಿಬಿಟ್ಟಿದ್ದ. ಜನ ಸುತ್ತಿಗೆ ಉಳಿ ಹಿಡಿದು ಕಡಲ ತೀರಕ್ಕೆ ಮುಗಿಬಿದ್ದರು. ತಂದೆಯ ಪುಸ್ತಕಗಳ ದೆಸೆಯಿಂದಲೇ ಆ ಬಂಡೆಗಳ ನಡುವಿನ ಕೊಳಗಳು ಬರಿದಾದುವೆಂದು ಗಾಸನ ಮಗ ಎಡ್ಮಂಡ್ 1907ರಲ್ಲಿ ಮರುಗಿ ಬರೆದ.

ಉಷ್ಣಪ್ರದೇಶದ ಹವಳವನ್ನು ಸಾಕುವುದು ಇನ್ನೂ ಕಷ್ಟ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ಒಕ್ಕಲಾಗಿರುತ್ತವೆ. ಬಿಸಿಲಿನಲ್ಲಿ ಅವು ಅಟ್ಟ ಅಡಿಗೆಯಲ್ಲಿ ಹೆಚ್ಚಿನ ಪಾಲು ಮನೆಯೊಡೆಯನಿಗೆ. ಆದ್ದರಿಂದ ತೊಟ್ಟಿಗೆ ಬಿಸಿಲಿನಷ್ಟು ಪ್ರಖರವಾದ ಬೆಳಕು ಬೇಕು. ಕಂದು ಬಣ್ಣ ಪಾಚಿಯದು. ನೀಲಿ ದೀಪದಡಿ ಹೊಳೆಯುವ ಹಸಿರು ಹವಳದ ಸ್ವಂತದ್ದು. ನೀರಿನ ಕಾವು 25–26 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಅದು ಮಿತಿಮೀರಿ ಏರಿದರೆ ಒಕ್ಕಲು ಮನೆ ಬಿಡುತ್ತದೆ, ಹವಳ ಬಿಳಿಚಿ ಹಸಿವಿನಿಂದ ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದ ಸುತ್ತ ಕಡಲಿಗೆ ಕಡಲೇ ಕಾದು ಆದದ್ದು ಇದೇ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 400 ಮಿಲಿಗ್ರಾಮಿಗೆ ಮೇಲ್ಪಟ್ಟು ಕ್ಯಾಲ್ಸಿಯಂ—ಹವಳ ಬಟ್ಟಲು ಕಟ್ಟುತ್ತಿದ್ದಂತೆ ಇದು ಕರಗುತ್ತ ಹೋಗುತ್ತದೆ. ಅದನ್ನು ತುಂಬಿಕೊಡಲು ಪೀಟರ್ ವಿಲ್ಕೆನ್ಸ್ ಎಂಬಾತ 1970ರ ದಶಕದಲ್ಲಿ ಬಳಕೆಗೆ ತಂದ ಔಷಧವೇನು ಗೊತ್ತೆ? ಸುಣ್ಣದ ತಿಳಿ, ಹನಿಹನಿಯಾಗಿ. ಅದಕ್ಕೂ ಮುಂಚೆ, 1961ರಲ್ಲಿ, ಜಕಾರ್ತಾದ ಲೀ ಚಿನ್ ಎಂಗ್, ಜೀವಿಗಳು ತುಂಬಿದ ಕಡಲ ಬಂಡೆಯನ್ನೇ ತೊಟ್ಟಿಗಿಳಿಸಿ ಬರಿಯ ಗಾಳಿಗುಳ್ಳೆಗಳಿಂದ ಹವಳವನ್ನು ಉಳಿಸಿಕೊಂಡ ರೀತಿಯನ್ನು ಬರೆದಿದ್ದ. ಲಂಡನ್ನಿನ ಕಿಟಕಿಯ ಪಾಠವೇ ಅಲ್ಲಿಯೂ ಇದ್ದದ್ದು.

ಈಗ ನಮ್ಮ ನಗರಗಳಲ್ಲಿಯೂ ಈ ಹವ್ಯಾಸಕ್ಕೆ ಮನಸೋತವರಿದ್ದಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಹವಳ ಎಲ್ಲಿಂದ ಬಂತೆಂದು ಕೇಳಲೇಬೇಕು. ಮನ್ನಾರ್ ಖಾರಿಯಲ್ಲಿ ಬಹುಕಾಲ ಹವಳವನ್ನು ದೋಣಿಗಟ್ಟಲೆ ಕಿತ್ತು ಸುಣ್ಣಕ್ಕಾಗಿ ಸುಟ್ಟಿದ್ದಾರೆ. 2001ರಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲವನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಬಂಡೀಪುರದ ಹುಲಿ ಇರುವುದೂ ಅದರಲ್ಲಿಯೇ. ನಮ್ಮ ಕಡೆ ಹುಲಿಮರಿಯನ್ನು ಹಿಡಿದು ತಂದು ಅಕ್ಕರೆಯಿಂದ ಸಾಕುತ್ತೇನೆಂದರೆ ಯಾರೂ ಒಪ್ಪುವುದಿಲ್ಲ. ಭಾರತದ ಕಡಲಿನಿಂದ ಹವಳದ ಒಂದು ಕೊಂಬೆಯನ್ನು ಮುರಿದು ತರುವುದೂ ಕಾನೂನಿನ ಕಣ್ಣಿಗೆ ಅದೇ ಸಾಲಿನದು. ನೋಡಲೇಬೇಕೆನ್ನುವವರಿಗೆ ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪವಿದೆ. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿದರೆ, ಬಂಡೆಗಳ ಮೇಲೆ ಹವಳ ತನ್ನ ಮನೆಯಲ್ಲೇ ಇರುವುದು ಕಾಣುತ್ತದೆ.