ಘಟ್ಟದ ಹಗಲು ರೈಲು: ಜನರಲ್ ಬೋಗಿಯಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ

ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ 55 ಕಿ.ಮೀ. ಘಟ್ಟ ಮಾರ್ಗವನ್ನು ಹಗಲಿನಲ್ಲಿ ಕಾಣಲು ಎರಡು ಬಗೆಯ ಅವಕಾಶಗಳಿವೆ. ಒಂದು, 2021ರ ಜುಲೈ 11ರಂದು ಆರಂಭವಾದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ. ಬೆಂಗಳೂರಿನಿಂದ ಮಂಗಳೂರಿಗೆ ಅದರ ದರ ಸಾವಿರ ರೂಪಾಯಿಗೂ ಹೆಚ್ಚು. ಇನ್ನೊಂದು, ಅದೇ ರೈಲಿಗೆ ಜೋಡಿಸಿದ ಕಾಯ್ದಿರಿಸದ ಸಾಮಾನ್ಯ ಬೋಗಿ. ಸಕಲೇಶಪುರದ ಟಿಕೆಟ್ ಕೌಂಟರಿನಲ್ಲಿ 50 ರೂಪಾಯಿಯ ನೋಟು ಕೊಟ್ಟರೆ ಘಟ್ಟ ಇಳಿಯುವ ಟಿಕೆಟಿನ ಜೊತೆ ಚಿಲ್ಲರೆಯೂ ಮರಳಿ ಬರುತ್ತದೆ. ಹಳಿಯೂ ಒಂದೇ, ಕಣಿವೆಯೂ ಒಂದೇ. ಕಿಟಕಿ ತೆರೆಯಬಹುದಾದ ಕಾರಣ ಕಾಡಿನ ಗಾಳಿ ನೇರವಾಗಿ ಮುಖಕ್ಕೆ ಬೀಸುವುದು ಈ ಎರಡನೆಯದರಲ್ಲೇ.

ಆದರೆ ಈ ಅಗ್ಗದ ಪ್ರಯಾಣಕ್ಕೆ ಕೆಲವು ಸಿದ್ಧತೆಗಳು ಬೇಕು. ಯಾವ ರೈಲು, ಯಾವ ಬೋಗಿ, ಯಾವ ತಿಂಗಳು ಎಂಬುದನ್ನು ತಿಳಿಯದೆ ಹೊರಟವರು ರಾತ್ರಿಯ ರೈಲು ಹತ್ತಿ ಕತ್ತಲನ್ನಷ್ಟೇ ನೋಡಿ ಬಂದ ಉದಾಹರಣೆಗಳು ಕಡಿಮೆಯೇನಲ್ಲ.

ಮಾರ್ಗದ ಹಿನ್ನೆಲೆ

ಹಾಸನ-ಮಂಗಳೂರು ಮಾರ್ಗ 1979ರಲ್ಲಿ ಮೀಟರ್ ಗೇಜ್ ಆಗಿ ಪೂರ್ಣಗೊಂಡಿತು. ಗೇಜ್ ಪರಿವರ್ತನೆಗಾಗಿ 1996ರಲ್ಲಿ ಘಟ್ಟದ ಸಂಚಾರ ನಿಂತಿತು. ಕಾಮಗಾರಿ ಕುಂಟುತ್ತಾ ಸಾಗಿ, ರೈಲ್ವೆ ಹಾಗೂ ರಾಜ್ಯ ಸರ್ಕಾರದ ಸಹಭಾಗಿತ್ವದ ಕಂಪನಿ 2003ರಲ್ಲಿ ರಚನೆಯಾದ ಬಳಿಕವಷ್ಟೇ ವೇಗ ಪಡೆಯಿತು. ಸರಕು ರೈಲುಗಳು 2006ರಲ್ಲಿ ಓಡಿದವು. ಪ್ರಯಾಣಿಕರು ಮಾತ್ರ 2007ರ ಡಿಸೆಂಬರ್ 8ರವರೆಗೆ ಕಾಯಬೇಕಾಯಿತು. ಅಂದರೆ ಒಂದು ದಶಕಕ್ಕೂ ಹೆಚ್ಚು ಕಾಲ ಮಲೆನಾಡಿಗೂ ಕರಾವಳಿಗೂ ರೈಲು ಸಂಪರ್ಕವೇ ಇರಲಿಲ್ಲ. 2017ರ ಮಾರ್ಚ್‌ನಲ್ಲಿ ಕುಣಿಗಲ್-ಶ್ರವಣಬೆಳಗೊಳ ಮಾರ್ಗ ತೆರೆದ ನಂತರ ಬೆಂಗಳೂರಿನಿಂದ ಹಾಸನಕ್ಕೆ ದೂರ ತಗ್ಗಿತು.

ಘಟ್ಟದ ಭಾಗದಲ್ಲಿ 57 ಸುರಂಗಗಳೂ ಇನ್ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. ಇಳಿಜಾರು 50ಕ್ಕೆ 1, ಅಂದರೆ ಪ್ರತಿ 50 ಮೀಟರಿಗೆ ಒಂದು ಮೀಟರ್ ಏರಿಳಿತ. ರಸ್ತೆಗೆ ಇದು ಲೆಕ್ಕಕ್ಕೇ ಬಾರದ ಏರು. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ಮಾತ್ರ ಇದು ಬಲು ಕಡಿದು. ಆದ್ದರಿಂದಲೇ ರೈಲಿಗೆ ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸುತ್ತಾರೆ. ವೇಗ ಗಂಟೆಗೆ 30 ಕಿ.ಮೀ. ಆಸುಪಾಸು ಮೀರದು. 55 ಕಿ.ಮೀ. ದಾಟಲು ಎರಡು ಗಂಟೆಗೂ ಹೆಚ್ಚು ಸಮಯ ಹಿಡಿಯುತ್ತದೆ. ಅವಸರವಿಲ್ಲದವರಿಗೆ ಇದು ಲಾಭವೇ ಸರಿ.

ಯಾವ ರೈಲು?

ಬೆಂಗಳೂರಿನಿಂದ ಕರಾವಳಿಗೆ ಹೋಗುವ ಕಣ್ಣೂರು, ಕಾರವಾರ, ಮುರ್ಡೇಶ್ವರ ರೈಲುಗಳಲ್ಲಿ ಹಲವು ರಾತ್ರಿಯವು. ಘಟ್ಟ ನೋಡಬೇಕೆನ್ನುವವರು ಯಶವಂತಪುರದಿಂದ ಬೆಳಿಗ್ಗೆ ಹೊರಡುವ ಹಗಲು ರೈಲನ್ನೇ ಹಿಡಿಯಬೇಕು. ಇದು ದಿನಕ್ಕೊಂದು ಸಂಖ್ಯೆಯಲ್ಲಿ ಓಡುವುದರಿಂದ ಹೊಸಬರಿಗೆ ಗೊಂದಲ ಸಹಜ: ವಾರದಲ್ಲಿ ಮೂರು ದಿನ 16515 ಕಾರವಾರ ಎಕ್ಸ್‌ಪ್ರೆಸ್, ಮೂರು ದಿನ 16575 ಗೋಮಟೇಶ್ವರ ಎಕ್ಸ್‌ಪ್ರೆಸ್, ಶನಿವಾರ 16539. ಮಂಗಳೂರು ಕಡೆಯಿಂದ ಬರುವವು 16516, 16576 ಮತ್ತು 16540.

ಹಾಸನ ಬಿಟ್ಟ ಮೇಲೆ ಆಲೂರು, ಬಾಳ್ಳುಪೇಟೆ, ಸಕಲೇಶಪುರ ಕ್ರಮವಾಗಿ ಬರುತ್ತವೆ. ಆಲೂರು, ಬಾಳ್ಳುಪೇಟೆಗಳಲ್ಲಿ ಎಲ್ಲ ಎಕ್ಸ್‌ಪ್ರೆಸ್ ರೈಲುಗಳಿಗೂ ನಿಲುಗಡೆಯಿಲ್ಲ. ಅಲ್ಲಿ ಹತ್ತುವ ಅಥವಾ ಇಳಿಯುವ ಯೋಚನೆಯಿದ್ದರೆ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಇಡೀ ಮಾರ್ಗದ ಸೌಂದರ್ಯವೆಲ್ಲ ಸಕಲೇಶಪುರದ ನಂತರವೇ ಎಂಬ ಭಾವನೆಯಿದೆ. ಇದು ಪೂರ್ತಿ ನಿಜವಲ್ಲ. ಆಲೂರು ಸೀಮೆಯ ಗದ್ದೆ, ಶುಂಠಿ, ಜೋಳದ ಹೊಲಗಳು ಕ್ರಮೇಣ ಕಾಫಿ ತೋಟದ ನೆರಳಿಗೆ ಸರಿಯುವುದನ್ನು, ಬಯಲು ಮಲೆನಾಡಾಗುವುದನ್ನು ಹೆದ್ದಾರಿಗಿಂತ ರೈಲಿನ ಕಿಟಕಿಯೇ ಚೆನ್ನಾಗಿ ತೋರಿಸುತ್ತದೆ.

ಟಿಕೆಟ್ ಮತ್ತು ಬೋಗಿ

ಕಾಯ್ದಿರಿಸದ ಟಿಕೆಟಿನ ನಿಯಮ ದೂರವನ್ನು ಅವಲಂಬಿಸಿದೆ. 199 ಕಿ.ಮೀ. ವರೆಗಿನ ಪ್ರಯಾಣಕ್ಕೆ ಹೊರಡುವ ದಿನವೇ ಟಿಕೆಟ್ ಕೊಳ್ಳಬೇಕು. ಕೊಂಡ ಮೂರು ಗಂಟೆಯೊಳಗೆ, ಇಲ್ಲವೇ ಆ ನಂತರದ ಮೊದಲ ರೈಲಿನಲ್ಲಿ ಪ್ರಯಾಣ ಆರಂಭಿಸಬೇಕು. ಹಾಸನ ಅಥವಾ ಸಕಲೇಶಪುರದಲ್ಲಿ ಹತ್ತಿ ಮಂಗಳೂರಿಗೆ ಹೋಗುವವರೆಲ್ಲ ಈ ಮಿತಿಯೊಳಗೆ ಬರುತ್ತಾರೆ. 200 ಕಿ.ಮೀ. ಮೀರಿದರೆ ಮೂರು ದಿನ ಮೊದಲೇ ಕೊಳ್ಳಬಹುದು. ಬೆಂಗಳೂರಿನಿಂದ ಸುಬ್ರಹ್ಮಣ್ಯಕ್ಕೆ ಹೊರಟವರಿಗೆ ಇದು ಅನುಕೂಲ. 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆಪ್‌ನಲ್ಲಿಯೂ ಈ ಟಿಕೆಟ್ ಸಿಗುತ್ತದೆ. ಕಾಗದರಹಿತ ಟಿಕೆಟನ್ನು ಆಪ್‌ನಲ್ಲೇ ತೋರಿಸಬೇಕು, ಅದರ ಚಿತ್ರ ತೆಗೆದಿಟ್ಟುಕೊಂಡರೆ ಸಲ್ಲದು. ಪ್ಲಾಟ್‌ಫಾರಂ ತಲುಪಿದ ಮೇಲೆ ಮೊಬೈಲಿನಲ್ಲಿ ಟಿಕೆಟ್ ತೆಗೆಯಲು ಹೊರಟರೆ ಆಗದು. ಆ ಕೆಲಸವನ್ನು ನಿಲ್ದಾಣಕ್ಕೆ ಬರುವ ಮೊದಲೇ ಮುಗಿಸಿರಬೇಕು.

ಹೆಚ್ಚಿನವರು ಎಡವುವುದು ಬೋಗಿಯ ಆಯ್ಕೆಯಲ್ಲಿ. ಹಗಲು ರೈಲಿನಲ್ಲಿ ಕುಳಿತು ಪ್ರಯಾಣಿಸುವ ದ್ವಿತೀಯ ದರ್ಜೆಯ ಕಾಯ್ದಿರಿಸಿದ ಬೋಗಿಗಳೂ ಇವೆ. ಹೊರನೋಟಕ್ಕೆ ಅವು ಜನರಲ್ ಬೋಗಿಯಂತೆಯೇ ಕಾಣುತ್ತವೆ. 'ಡಿ' ಅಕ್ಷರದ ಜೊತೆ ಸಂಖ್ಯೆ ಬರೆದಿದ್ದರೆ ಅದು ಕಾಯ್ದಿರಿಸಿದ್ದು. ಸಾಮಾನ್ಯ ಟಿಕೆಟ್ ಹಿಡಿದು ಅಲ್ಲಿ ಕುಳಿತವರಿಂದ ದರದ ವ್ಯತ್ಯಾಸದ ಜೊತೆಗೆ ಕನಿಷ್ಠ 250 ರೂಪಾಯಿ ವಸೂಲು ಮಾಡಲು ರೈಲ್ವೆ ಕಾಯ್ದೆಯಲ್ಲಿ ಅವಕಾಶವಿದೆ. ಉಳಿತಾಯವೆಲ್ಲ ಅಲ್ಲಿಗೆ ಮುಗಿಯಿತು. ಜನರಲ್ ಬೋಗಿಗಳು ಸಾಮಾನ್ಯವಾಗಿ ರೈಲಿನ ತುದಿಗಳಲ್ಲಿರುತ್ತವೆ.

ಸೀಟು ಸಿಗುವುದೇ ಎಂಬ ಪ್ರಶ್ನೆಗೆ ಉತ್ತರ ದಿನವನ್ನು ಅವಲಂಬಿಸಿದೆ. ವಾರಾಂತ್ಯ ಮತ್ತು ಹಬ್ಬದ ದಿನಗಳಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಭಕ್ತರು, ಊರಿಗೆ ಹೊರಟ ವಿದ್ಯಾರ್ಥಿಗಳು, ಕೆಲಸ ಅರಸಿ ಕರಾವಳಿಗೆ ಇಳಿಯುವವರು ಒಟ್ಟಾಗಿ ಸೇರುತ್ತಾರೆ. ಮೂವರ ಸೀಟಿನಲ್ಲಿ ನಾಲ್ವರು ಕೂರುವುದು ಇಲ್ಲಿನ ಅಲಿಖಿತ ನಿಯಮ. 'ಸ್ವಲ್ಪ ಜರುಗಿ' ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮಂಗಳವಾರ ಅಥವಾ ಬುಧವಾರ ಹೊರಟರೆ ನೂಕುನುಗ್ಗಲು ಕಡಿಮೆ. ಮಂಗಳೂರು ಕಡೆಗೆ ಹೋಗುವಾಗ ಬಲಬದಿಯ ಕಿಟಕಿ ಮೇಲು. ಕೆಂಪುಹೊಳೆಯ ಕಣಿವೆ ಬಹುಪಾಲು ಆ ಮಗ್ಗುಲಿಗಿದೆ.

ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ನಡುವಿನ ನಿಲ್ದಾಣಗಳು ಮುಖ್ಯವಾಗಿ ರೈಲುಗಳ ದಾಟುವಿಕೆಗೆ ಇರುವಂಥವು. ಅಲ್ಲಿ ತಿಂಡಿ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ನೀರು ಮತ್ತು ಬುತ್ತಿಯನ್ನು ಹಾಸನ ಅಥವಾ ಸಕಲೇಶಪುರದಲ್ಲೇ ಹೊಂದಿಸಿಕೊಳ್ಳಬೇಕು. ಮೊಬೈಲ್ ಸಿಗ್ನಲ್ ಕೂಡ ಕಾಡಿನೊಳಗೆ ಕೈಕೊಡುತ್ತದೆ.

ಬಾಗಿಲು ಮತ್ತು ಹಳಿ

ಸುರಂಗ ಬಂದಾಗ ಕೂಗು ಹಾಕುವುದು ಮಕ್ಕಳಿಗೂ ಕಾಲೇಜು ಹುಡುಗರಿಗೂ ಸಂಪ್ರದಾಯವೇ ಆಗಿದೆ. ಅದರಿಂದ ಯಾರಿಗೂ ನಷ್ಟವಿಲ್ಲ. ಮೊಬೈಲ್ ಹಿಡಿದು ಬಾಗಿಲಿನಿಂದ ಹೊರಗೆ ಬಾಗುವುದು ಬೇರೆಯ ಮಾತು. ಸುರಂಗದ ಗೋಡೆ ಬೋಗಿಗೆ ತೀರಾ ಹತ್ತಿರ ಹಾದುಹೋಗುತ್ತದೆ, ತಿರುವಿನಲ್ಲಿ ಅದು ಮೊದಲೇ ಕಾಣಿಸುವುದೂ ಇಲ್ಲ. ಮೆಟ್ಟಿಲಿನ ಮೇಲೆ ನಿಂತು ಪ್ರಯಾಣಿಸುವುದು ಕಾಯ್ದೆಯ 156ನೇ ಕಲಮಿನ ಪ್ರಕಾರ ಮೂರು ತಿಂಗಳವರೆಗೆ ಶಿಕ್ಷೆಗೆ ಅರ್ಹವಾದ ಅಪರಾಧ. ಒಂದು ಕಾಲದಲ್ಲಿ ದೋಣಿಗಾಲ್‌ನಿಂದ ಎಡಕುಮೇರಿಗೆ ಹಳಿಯ ಮೇಲೆ ನಡೆಯುವ ಚಾರಣ ಬಹು ಜನಪ್ರಿಯವಾಗಿತ್ತು. ಈಗ ಅದು ನಿಷಿದ್ಧ. ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ ವಿಧಿಸಬಹುದು. ರೈಲು ಬಂದರೆ ಸೇತುವೆಯ ಮೇಲೆ ಸರಿದು ನಿಲ್ಲಲು ಜಾಗವಿಲ್ಲ, ಜೊತೆಗೆ ಇದು ಕಾಡಾನೆಗಳು ಓಡಾಡುವ ಸೀಮೆ.

ಮಳೆಗಾಲದ ಅನಿಶ್ಚಿತತೆ

ಜಲಪಾತಗಳು ತುಂಬಿ ಧುಮುಕುವ ಜುಲೈ-ಆಗಸ್ಟ್ ತಿಂಗಳುಗಳಲ್ಲೇ ಗುಡ್ಡವೂ ಕುಸಿಯುತ್ತದೆ. 2018ರ ಆಗಸ್ಟ್‌ನಲ್ಲಿ ಹತ್ತಾರು ಕಡೆ ಮಣ್ಣು ಜರಿದು ಮಾರ್ಗ ವಾರಗಟ್ಟಲೆ ಮುಚ್ಚಿತ್ತು. 2024ರ ಜುಲೈ 26ರಂದು ಎಡಕುಮೇರಿ-ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಸರಿಯಿತು. ದುರಸ್ತಿಯಾಗಿ ರೈಲುಗಳು ಓಡತೊಡಗಿದ ಕೆಲವೇ ದಿನಗಳಲ್ಲಿ, ಆಗಸ್ಟ್ 10ರಂದು, ಬಾಳ್ಳುಪೇಟೆ-ಸಕಲೇಶಪುರ ನಡುವೆ ಮತ್ತೊಂದು ಕುಸಿತ ಸಂಭವಿಸಿತು. ಅಪಾಯ ಘಟ್ಟಕ್ಕಷ್ಟೇ ಸೀಮಿತವಲ್ಲ, ಆಲೂರು ಕಡೆಯ ಗುಡ್ಡಗಳಿಗೂ ಇದೆ ಎಂಬುದು ಆಗ ಸ್ಪಷ್ಟವಾಯಿತು. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಹಸಿರೂ ಉಳಿದಿರುತ್ತದೆ, ರದ್ದಾಗುವ ಭಯವೂ ಕಡಿಮೆ.

2025ರಲ್ಲಿ ಈ ಲೆಕ್ಕವೂ ತಪ್ಪಿತು. ವಿದ್ಯುದೀಕರಣಕ್ಕಾಗಿ ಮೇ 31ರಿಂದ ಹಗಲು ರೈಲುಗಳನ್ನೇ ಆಯ್ದು ರದ್ದುಪಡಿಸಲಾಯಿತು. ನವೆಂಬರ್ 1ರವರೆಗೆ ಎಂದಿದ್ದ ಅವಧಿ ಮತ್ತೆ ಮುಂದಕ್ಕೆ ಹೋಯಿತು. ಸುರಂಗದೊಳಗೆ ಕಂಬಿ ಮತ್ತು ತಂತಿ ಅಳವಡಿಸಲು ಹಗಲು ಹೊತ್ತಿನ ಬಿಡುವು ಬೇಕೆಂಬುದು ಒಪ್ಪತಕ್ಕದ್ದೇ. ಆದರೆ ಪ್ರವಾಸಿಗೆ ಮುಂದೂಡಬಹುದಾದ ವಿಹಾರವಾಗಿದ್ದದ್ದು, ಹಾಸನದಿಂದ ಮಂಗಳೂರಿನ ಆಸ್ಪತ್ರೆಗೆ ಹಗಲಿನಲ್ಲಿ ಹೋಗಬೇಕಾದ ರೋಗಿಗೆ ಹಾಗಿರಲಿಲ್ಲ. ಶಿರಾಡಿ ರಸ್ತೆಯ ಬಸ್ಸೇ ಅವರ ಪಾಲಿಗೆ ಉಳಿಯಿತು. ವರ್ಷದ ಕೊನೆಯಲ್ಲಿ ವಿದ್ಯುದೀಕರಣ ಮುಗಿಯಿತು. ಡೀಸೆಲ್ ಎಂಜಿನ್ನಿನ ಹೊಗೆ ಸುರಂಗದಲ್ಲಿ ತೆರೆದ ಕಿಟಕಿಯಿಂದ ಒಳನುಗ್ಗುವುದು ಜನರಲ್ ಬೋಗಿಯ ಹಳೆಯ ದೂರು. ವಿದ್ಯುತ್ ಎಂಜಿನ್ ಎಳೆಯುವ ರೈಲಿನಲ್ಲಿ ಅದಿಲ್ಲ. ಹೊರಡುವ ಹಿಂದಿನ ದಿನ 139ಕ್ಕೆ ಕರೆ ಮಾಡಿ ರೈಲು ಇದೆಯೇ, ವೇಳೆ ಬದಲಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಮರಳುವ ದಾರಿ

ಸುಬ್ರಹ್ಮಣ್ಯ ರಸ್ತೆ ನಿಲ್ದಾಣ ಇರುವುದು ನೆಟ್ಟಣದಲ್ಲಿ. ದೇವಸ್ಥಾನ ಅಲ್ಲಿಂದ ಸುಮಾರು 12 ಕಿ.ಮೀ. ದೂರ, ಬಸ್ಸು, ಜೀಪುಗಳಿವೆ. ಎದುರಿನಿಂದ ಬರುವ ಹಗಲು ರೈಲು ಹೆಚ್ಚುಕಡಿಮೆ ಇದೇ ಹೊತ್ತಿಗೆ ಘಟ್ಟದಲ್ಲಿರುವುದರಿಂದ ಅದೇ ದಿನ ರೈಲಿನಲ್ಲೇ ಮರಳುವ ಯೋಜನೆ ಸಾಮಾನ್ಯವಾಗಿ ಕೂಡಿಬರುವುದಿಲ್ಲ. ಗುಂಡ್ಯ ಮಾರ್ಗವಾಗಿ ಬಸ್ಸಿನಲ್ಲಿ ಸಕಲೇಶಪುರಕ್ಕೆ ಹಿಂದಿರುಗಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಇದು ಉಚಿತ. ಸಂಜೆಯ ಬೆಳಕು ಉಳಿದಿರುವಾಗಲೇ ಬಸ್ ಹಿಡಿದರೆ, ರೈಲಿನಿಂದ ಕೆಳಗೆ ಕಂಡಿದ್ದ ಕೆಂಪುಹೊಳೆಯನ್ನು ಈ ಬಾರಿ ರಸ್ತೆಯ ಪಕ್ಕದಲ್ಲೇ ನೋಡಬಹುದು.