ತೀರ್ಪಿಗೆ ಕೂತವರು ಯಾರು

1884 ತುಮಕೂರು ಸೀಮೆಗೆ ದೊಡ್ಡ ವರ್ಷ. ಧಾತು ಈಶ್ವರದ ಬರದಲ್ಲಿ ಬೆಂದು ಎದ್ದಿದ್ದ ಜನರ ಊರಿಗೆ ಬೆಂಗಳೂರಿನಿಂದ ರೈಲು ಬಂತು. ಅದೇ ವರ್ಷ ಮೈಸೂರು ಸಂಸ್ಥಾನಕ್ಕೆ ಮೂವರು ನ್ಯಾಯಾಧೀಶರ ಚೀಫ್ ಕೋರ್ಟ್ ಸ್ಥಾಪನೆಯಾಯಿತು. ಅದೇ ವರ್ಷದ ಜನವರಿ 25ರಂದು ಕಲ್ಕತ್ತೆಯಲ್ಲಿ ವೈಸರಾಯ್ ರಿಪ್ಪನ್ ಪ್ರಭುವಿನ ಶಾಸನ ಸಭೆ ಒಂದು ಮಸೂದೆಯನ್ನು ಅಂಗೀಕರಿಸಿತು. ಆರೋಪ ಹೊತ್ತ ಬಿಳಿಯನು ಜ್ಯೂರಿಯನ್ನು ಕೇಳಬಹುದು, ಆ ಜ್ಯೂರಿಯಲ್ಲಿ ಅರ್ಧದಷ್ಟಾದರೂ ಯುರೋಪಿನವರೋ ಅಮೆರಿಕದವರೋ ಇರಬೇಕೆಂದು ಹಕ್ಕಿನಿಂದ ಕೇಳಬಹುದು ಎಂಬುದು ಅದರ ತಿರುಳು. ರೈಲನ್ನೂ ಕೋರ್ಟನ್ನೂ ನಮ್ಮ ಚರಿತ್ರೆ ನೆನೆಯುತ್ತದೆ. ಈ ಮೂರನೆಯದನ್ನೂ ನೆನೆಯಬೇಕು. ನ್ಯಾಯ ಹೇಳಲು ಕೂತವರು ಯಾರು ಎಂಬ ಪ್ರಶ್ನೆ ನ್ಯಾಯದಷ್ಟೇ ದೊಡ್ಡದೆಂದು ಈ ದೇಶದ ಸರ್ಕಾರವೇ ಒಪ್ಪಿಕೊಂಡ ದಿನ ಅದು. ಒಪ್ಪಿದ್ದು ಬಿಳಿಯರ ಸಲುವಾಗಿ.

ಅದಕ್ಕೂ ಅರ್ಧ ಶತಮಾನ ಹಿಂದಕ್ಕೆ ಹೋಗೋಣ. ನಗರದ ರೈತ ದಂಗೆಯ ಬೆನ್ನಿಗೆ, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಂಪನಿಯ ಕಮಿಷನರುಗಳ ಕೈಗೆ ಹೋಯಿತು. ಮಾರ್ಕ್ ಕಬ್ಬನ್ ಆಳಿದ ದೀರ್ಘ ಕಾಲದಲ್ಲಿ ಸಂಸ್ಥಾನವನ್ನು ನಾಲ್ಕು ವಿಭಾಗಗಳಾಗಿ ಹಂಚಿದ್ದರು. ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್ ಬೀಡುಬಿಟ್ಟಿದ್ದದ್ದು ತುಮಕೂರಿನಲ್ಲಿ. ರಿಚರ್ಡ್ ಸ್ಟೀವರ್ಟ್ ಡಾಬ್ಸ್ ಆ ಹುದ್ದೆಯಲ್ಲಿ ಬಹುಕಾಲ ಇದ್ದ. ಬೆಂಗಳೂರು ದಾರಿಯ ಡಾಬಸ್‌ಪೇಟೆ ಇಂದಿಗೂ ಅವನ ಹೆಸರನ್ನೇ ಹೊತ್ತಿದೆ. ಇಂದು ಕಾರ್ಖಾನೆಗಳ ಶೆಡ್ಡುಗಳು ಎದ್ದಿರುವ ಸತ್ಯಮಂಗಲದಂಥ ಹಳ್ಳಿಯ ರೈತನಿಗೆ ಸರ್ಕಾರ ಎಂದರೆ ಮೊದಲು ಶಾನುಭೋಗ, ಆಮೇಲೆ ಅಮಲ್ದಾರ, ಎಲ್ಲಕ್ಕೂ ಮೇಲೆ ಈ ದೊರೆ. ಕಬ್ಬನ್ ಕಾಲದ ನ್ಯಾಯಾಡಳಿತದಲ್ಲಿ ಪಂಚಾಯಿತಿಗೂ ಜಾಗವಿತ್ತು. ಊರಿನ ನಡೆನುಡಿ ಬಲ್ಲವರನ್ನು ಕೂರಿಸಿ ಅವರ ಅಭಿಪ್ರಾಯ ಪಡೆಯುತ್ತಿದ್ದರು. ಆ ಕೂಟದಲ್ಲಿ ಕೂರುತ್ತಿದ್ದವರು ಊರಿನ ದೊಡ್ಡವರು. ಹೊಲಗೇರಿಯವನನ್ನು ಅಲ್ಲಿ ಕೂರಿಸುವ ಮಾತನ್ನು ಆ ಕಾಲ ಕನಸಿನಲ್ಲೂ ಆಡುತ್ತಿರಲಿಲ್ಲ. ಪರಂಗಿಯವರ ದೋಷ ಹೇಳುವ ಮೊದಲು ಇದನ್ನು ಹೇಳಲೇಬೇಕು.

ಆದರೆ ಬಿಳಿಯನು ಈ ವ್ಯವಸ್ಥೆಗೇ ಹೊರಗಿನವನು. ಬ್ರಿಟಿಷ್ ಪ್ರಜೆಯಾದವನು ಒಳನಾಡಿನಲ್ಲಿ ಎಂಥ ಘೋರ ಕೃತ್ಯ ಮಾಡಿದರೂ ಅವನ ವಿಚಾರಣೆ ಪ್ರೆಸಿಡೆನ್ಸಿ ನಗರದ ಸುಪ್ರೀಂ ಕೋರ್ಟಿನಲ್ಲೇ ಆಗಬೇಕಿತ್ತು. ಗುಬ್ಬಿ ಪೇಟೆಯಲ್ಲಿ ಅಂಥವನೊಬ್ಬ ಒಬ್ಬ ಹಮಾಲನನ್ನು ಹೊಡೆದು ಕೆಡವಿದನೆಂದು ಊಹಿಸಿಕೊಳ್ಳಿ. ದೂರು ಕೊಟ್ಟವನು, ಕಣ್ಣಾರೆ ಕಂಡವನು, ಗಾಯ ನೋಡಿದವನು, ಎಲ್ಲರೂ ನಾನೂರು ಕಿಲೋಮೀಟರಿಗೂ ದೂರದ ಮದರಾಸಿಗೆ ನಡೆದೋ ಗಾಡಿ ಕಟ್ಟಿಯೋ ಹೋಗಬೇಕು. ಹೊಲದಲ್ಲಿ ರಾಗಿ ಒಣಗಿದರೆ ಕೇಳುವವರಿಲ್ಲ. ಹೋಗಿ ಮುಟ್ಟಿದರೂ ಎದುರಿಗೆ ಕೂತ ಜ್ಯೂರಿಯಲ್ಲಿ ಕನ್ನಡ ಬಲ್ಲ ಮುಖ ಒಂದಾದರೂ ಇರುತ್ತದೆಂಬ ಭರವಸೆ ಇಲ್ಲ.

ಆ ಜ್ಯೂರಿಯೊಳಗೆ ಭಾರತೀಯನಿಗೆ ಪ್ರವೇಶ ಸಿಕ್ಕ ಬಗೆಯೂ ಹೇಳಬೇಕಾದ ಕಥೆಯೇ. ಸಿಂಹಳದಲ್ಲಿ ಅಲೆಕ್ಸಾಂಡರ್ ಜಾನ್‌ಸ್ಟನ್ 1811ರಲ್ಲೇ ಅಲ್ಲಿನ ಜನರನ್ನು ಜ್ಯೂರಿಗೆ ಕೂರಿಸಿದ್ದ. ಆರೋಪಿಯ ಜಾತಿಯವರೇ ಅವನ ತೀರ್ಪುಗಾರರಾಗಬೇಕೆಂಬ ಏರ್ಪಾಡನ್ನೂ ಮಾಡಿದ್ದ. ಇಂಡಿಯಾದ ಪ್ರೆಸಿಡೆನ್ಸಿ ನಗರಗಳಿಗೆ 1826ರಲ್ಲಿ ಬಂದ ಕಾಯಿದೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತು. ಹಿಂದೂಗಳೂ ಮುಸಲ್ಮಾನರೂ ಜ್ಯೂರಿಯಲ್ಲಿ ಕೂರಬಹುದು, ಕ್ರೈಸ್ತನ ವಿಚಾರಣೆಯಲ್ಲಿ ಮಾತ್ರ ಕೂರಕೂಡದು, ಗ್ರ್ಯಾಂಡ್ ಜ್ಯೂರಿಗೂ ಸೇರಕೂಡದು. ಕ್ರೈಸ್ತನಾದವನಾದರೋ ಹಿಂದೂವಿನ ಅಪರಾಧ ಅಳೆಯಬಹುದು. ರಾಜಾ ರಾಮಮೋಹನ ರಾಯರು ಇದನ್ನು ನೇರವಾಗಿ ಪ್ರತಿಭಟಿಸಿದರು. ನಿನ್ನ ನೆರೆಯವನ ತೀರ್ಪಿಗೆ ಕೂರಲು ನೀನು ಯೋಗ್ಯನಲ್ಲ ಎಂದು ಧರ್ಮದ ಹೆಸರಿನಲ್ಲಿ ಹೇಳಿದ್ದೇ ಅವರನ್ನು ಕೆಣಕಿತು. 1832ರಲ್ಲಿ ಆ ತಡೆ ಬಿತ್ತು.

ನಮ್ಮ ಸೀಮೆ ಬಲ್ಲ ಇನ್ನೊಬ್ಬ ಅಧಿಕಾರಿಯನ್ನೂ ಇಲ್ಲಿ ನೆನೆಯಬೇಕು. ಥಾಮಸ್ ಮನ್ರೋ ಕೆನರಾದಲ್ಲೂ ಬಳ್ಳಾರಿಯ ಸೀಮೆಯಲ್ಲೂ ಕಲೆಕ್ಟರಾಗಿದ್ದವನು. ಊರಿನ ವ್ಯಾಜ್ಯ ಊರವರಿಗೇ ತಿಳಿಯುವುದೆಂದು ಗಟ್ಟಿಯಾಗಿ ನಂಬಿದ್ದವನು. ಅವನು ಮದರಾಸಿನ ಗವರ್ನರನಾಗಿದ್ದ ಕೊನೆಯ ವರ್ಷ, 1827ರಲ್ಲಿ, ಒಳನಾಡಿನ ಕೋರ್ಟುಗಳಿಗೆ ದೇಶೀಯರ ಜ್ಯೂರಿಯನ್ನು ಮೆಲ್ಲಮೆಲ್ಲನೆ ತರುವ ರೆಗ್ಯುಲೇಶನ್ ಹೊರಟಿತು. ಅದೇ ವರ್ಷದ ಜುಲೈಯಲ್ಲಿ ಅವನು ಪತ್ತಿಕೊಂಡದಲ್ಲಿ ತೀರಿಕೊಂಡ. ಆಮೇಲೆ ಅದನ್ನು ಅಷ್ಟು ಶ್ರದ್ಧೆಯಿಂದ ಹಿಡಿದು ನಡೆಸುವವರು ಸಿಗಲಿಲ್ಲ.

1881ರ ಮಾರ್ಚ್ 25ರಂದು ಮೈಸೂರು ಮತ್ತೆ ಒಡೆಯರ ಕೈಗೆ ಬಂತು. ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಒಪ್ಪಿಸಿದ ಪತ್ರದಲ್ಲಿ ಒಂದು ಕಲಮನ್ನು ಸರ್ಕಾರ ಬಿಗಿಯಾಗಿ ಹಿಡಿದುಕೊಂಡಿತ್ತು. ಸಂಸ್ಥಾನದೊಳಗಿನ ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಪೂರ್ಣ ನ್ಯಾಯಾಧಿಕಾರ ಗವರ್ನರ್ ಜನರಲ್ಲನದೇ. ಅವನು ವಹಿಸಿಕೊಟ್ಟಷ್ಟೇ ಮಹಾರಾಜರದು. ಮಹಾರಾಜರು ತಮ್ಮ ನೆಲದಲ್ಲಿ ನಿಂತ ಒಬ್ಬ ಕಾಫಿ ತೋಟದ ದೊರೆಯನ್ನು ತಮ್ಮ ಹಕ್ಕಿನಿಂದಲೇ ವಿಚಾರಿಸುವಂತಿರಲಿಲ್ಲ. ಅದೇ ವರ್ಷದ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ತಾಲ್ಲೂಕು ತಾಲ್ಲೂಕುಗಳಿಂದ 144 ಮಂದಿಯನ್ನು ಮೈಸೂರಿಗೆ ಕರೆಸಿ ಪ್ರಜಾಪ್ರತಿನಿಧಿ ಸಭೆ ನಡೆಸಿದರು. ಬಂದವರು ಹೊಲಮನೆ ಇದ್ದವರು, ವ್ಯಾಪಾರಸ್ಥರು. ಆದರೂ ರಾಜ್ಯದ ಮಾತು ಕೇಳಲು ತಾಲ್ಲೂಕಿನವನನ್ನು ಕೂರಿಸಿದ್ದು ಸಣ್ಣ ಸಂಗತಿಯಲ್ಲ.

ಎರಡು ವರ್ಷ ಕಳೆಯುವಷ್ಟರಲ್ಲಿ, ಮೊದಲಲ್ಲಿ ಹೇಳಿದ ಆ ಮಸೂದೆಯ, ಅಂದರೆ ಇಲ್ಬರ್ಟ್ ಮಸೂದೆಯ ಗದ್ದಲ ಎದ್ದಿತು. ಒಳನಾಡಿನ ಹಿರಿಯ ಭಾರತೀಯ ಮ್ಯಾಜಿಸ್ಟ್ರೇಟರೂ ಸೆಷನ್ಸ್ ಜಡ್ಜಿಯೂ ಬಿಳಿಯನನ್ನು ವಿಚಾರಿಸಬಹುದೆಂದು 1883ರ ಫೆಬ್ರವರಿಯಲ್ಲಿ ಕರ್ಟ್ನಿ ಇಲ್ಬರ್ಟ್ ಮಂಡಿಸಿದ ಆ ಮಸೂದೆ ಸರಳವಾದದ್ದು. ಕಲ್ಕತ್ತೆಯ ಟೌನ್ ಹಾಲಿನಲ್ಲಿ ವ್ಯಾಪಾರಿಗಳೂ ತೋಟಗಾರರೂ ವಕೀಲರೂ ಸೇರಿ ಭಾರತೀಯರನ್ನು ಬಾಯಿಗೆ ಬಂದಂತೆ ಬೈದರು. ಅವರ ವಾದದ ಬುಡ ಒಂದೇ: ನಮ್ಮನ್ನು ಅರಿಯದವರು ನಮ್ಮ ತೀರ್ಪು ಹೇಳಬಾರದು. ಡಿಸೆಂಬರಿನಲ್ಲಿ ರಿಪ್ಪನ್ ಮಣಿದರು. ಭಾರತೀಯ ಮ್ಯಾಜಿಸ್ಟ್ರೇಟನಿಗೆ ಅಧಿಕಾರ ಸಿಕ್ಕಿತು, ಬಿಳಿಯನಿಗೆ ಅರ್ಧ ಜ್ಯೂರಿ ಸಿಕ್ಕಿತು. ಅದೇ ಜಿಲ್ಲಾ ಮ್ಯಾಜಿಸ್ಟ್ರೇಟನ ಎದುರು ನಿಂತ ಭಾರತೀಯನಿಗೆ ಜ್ಯೂರಿ ಕೇಳುವ ಹಕ್ಕೇ ಇರಲಿಲ್ಲ. ಸಮಾನತೆಗೆಂದು ಹೊರಟ ಮಸೂದೆ ಅಸಮಾನತೆಯನ್ನೇ ಹೆಚ್ಚಿಸಿ ಮುಗಿಯಿತು.

ತೋಟಗಾರರ ವಾದದಲ್ಲಿ ಸತ್ಯದ ಒಂದು ಅಂಶವಿತ್ತು ಎಂದು ನಾನು ನಂಬುತ್ತೇನೆ. ಅಪರಿಚಿತರ ಕೂಟದ ಎದುರು ನಿಂತವನ ಭಯ ಸುಳ್ಳಲ್ಲ. ಆ ಭಯ ತಮಗೆ ಮಾತ್ರ ಇದೆಯೆಂದು ಅವರು ತಿಳಿದದ್ದು ಅನ್ಯಾಯ. ಬೊಂಬಾಯಿಯ ಹೈಕೋರ್ಟ್ ಅದನ್ನು ಎರಡು ಸಲ ತೋರಿಸಿತು. 1897ರಲ್ಲಿ ಬಾಲಗಂಗಾಧರ ತಿಲಕರ ರಾಜದ್ರೋಹದ ಮೊಕದ್ದಮೆಗೆ ಕೂತ ಒಂಬತ್ತು ಮಂದಿಯಲ್ಲಿ ಆರು ಯುರೋಪಿಯನ್ನರು, ಮೂವರು ಭಾರತೀಯರು. ತೀರ್ಪು ಆರಕ್ಕೆ ಮೂರು. 1908ರಲ್ಲಿ ಮತ್ತೆ ಒಂಬತ್ತು ಮಂದಿ: ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ತೀರ್ಪು ಏಳಕ್ಕೆ ಎರಡು. ಅಪರಾಧವೆಂದು ಎಣಿಸಿದ್ದ ಲೇಖನಗಳು ಮರಾಠಿಯವು. ಜ್ಯೂರಿಯ ಕೈಗೆ ಬಂದದ್ದು ಇಂಗ್ಲಿಷ್ ಅನುವಾದ. ಆರು ವರ್ಷದ ಗಡೀಪಾರು ಶಿಕ್ಷೆ ಹೊತ್ತು ತಿಲಕರು ಮಂಡಾಲೆಗೆ ಹೋದರು. ಅಲ್ಲಿ ಬರೆದ 'ಗೀತಾರಹಸ್ಯ'ವನ್ನು ಆಲೂರು ವೆಂಕಟರಾಯರು ಕನ್ನಡಕ್ಕೆ ತಂದರು. ಆಗ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಯ ಕನ್ನಡಿಗರಿಗೆ ಆ ಏಳು ಮತ್ತು ಎರಡರ ಲೆಕ್ಕ ದೂರದ ಸುದ್ದಿಯಾಗಿರಲಿಲ್ಲ.

1898ರ ದಂಡ ಪ್ರಕ್ರಿಯೆ ಸಂಹಿತೆ ಜ್ಯೂರಿಗೂ ಜಡ್ಜಿಗೆ ಸಲಹೆ ಹೇಳುವ ಅಸೆಸರರ ಸ್ಥಾನಕ್ಕೂ 21ರಿಂದ 60 ವಯಸ್ಸಿನ ಗಂಡಸರನ್ನು ಮಾತ್ರ ಹೆಸರಿಸಿತು. ದೇಶದ ಅರ್ಧ ಜನ ಆ ಒಂದೇ ಪದದಿಂದ ಹೊರಗಾದರು. ಇದಕ್ಕಾಗಿ ಯಾವ ಟೌನ್ ಹಾಲೂ ತುಂಬಲಿಲ್ಲ. ಜನಾಂಗದ ಭೇದಗಳನ್ನು 1923ರಲ್ಲಿ ಒಂದಿಷ್ಟು ಸಡಿಲಿಸಿದರು, 1949ರ ಕಾಯಿದೆಯಲ್ಲಿ ಕಿತ್ತುಹಾಕಿದರು. 1959ರ ನಾನಾವತಿ ಕೊಲೆ ಮೊಕದ್ದಮೆಯಲ್ಲಿ ಜ್ಯೂರಿ ಕೊಟ್ಟ ಎಂಟಕ್ಕೆ ಒಂದರ ತೀರ್ಪನ್ನು ಜಡ್ಜಿಯೇ ಒಪ್ಪದೆ ಹೈಕೋರ್ಟಿಗೆ ಕಳಿಸಿದರು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ಮೈಸೂರಿನಲ್ಲಿ ಅದೇ ಪ್ರಶ್ನೆ ಬೇರೆ ಬಾಗಿಲಿನಿಂದ ಬಂದಿತ್ತು. ಸರ್ಕಾರಿ ಕಚೇರಿಗಳಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆ, ಉಳಿದವರ ಅರ್ಜಿಯನ್ನು ಓದುವವರಲ್ಲೂ ತೀರ್ಮಾನಿಸುವವರಲ್ಲೂ ಅವರ ಕಡೆಯವರಿಲ್ಲ ಎಂದು 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಬಿನ್ನವಿಸಿಕೊಂಡಿತು. ಮಹಾರಾಜರು 1918ರಲ್ಲಿ ಸಮಿತಿ ನೇಮಿಸಿದರು. ಅದರ ಅಧ್ಯಕ್ಷತೆ ವಹಿಸಿದವರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್. ಪ್ರತಿಭೆಗೆ ಧಕ್ಕೆ ಬರುತ್ತದೆಂದು ದಿವಾನ್ ವಿಶ್ವೇಶ್ವರಯ್ಯನವರು ಒಪ್ಪದೆ ಹುದ್ದೆ ಬಿಟ್ಟರು. ಕಾಂತರಾಜೇ ಅರಸರು ದಿವಾನರಾದರು. 1921ರ ಆದೇಶ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಲ್ಲಬೇಕೆಂದಿತು. ಕಲ್ಕತ್ತೆಯ ತೋಟಗಾರರು ತಮಗಾಗಿ ಬೆದರಿಸಿ ಪಡೆದ ಅರ್ಧವನ್ನು ಇಲ್ಲಿ ರೈತನ ಮಕ್ಕಳು ಅರ್ಜಿ ಬರೆದು ಪಡೆದರು. ವಿಶ್ವೇಶ್ವರಯ್ಯನವರ ಮೇಲೆ ನನಗಿರುವ ಗೌರವ ದೊಡ್ಡದು. ಈ ವಿಚಾರದಲ್ಲಿ ಮಾತ್ರ ನ್ಯಾಯ ಅರಸರ ಕಡೆಗಿತ್ತು.

ಆದೇಶದಲ್ಲಿ ಒಂದು ಕೊರತೆ ಉಳಿಯಿತು. ಜಮೀನೂ ಮಠವೂ ಇದ್ದ ಬಲಿಷ್ಠ ಸಮುದಾಯಗಳನ್ನೂ, ಚಕ್ರ ತಿರುಗಿಸುವ ಕುಂಬಾರನನ್ನೂ, ಕತ್ತಿ ಮಸೆಯುವ ಕ್ಷೌರಿಕನನ್ನೂ ಅದು ಒಂದೇ ಪಟ್ಟಿಯಲ್ಲಿ ಕಟ್ಟಿತು. ಬಲವಿದ್ದವರು ಮೊದಲು ಬಾಗಿಲು ದಾಟಿದರು. ಈ ಗಂಟನ್ನು 1960ರಲ್ಲಿ ನಾಗನಗೌಡ ಸಮಿತಿ ಬಿಡಿಸಲು ನೋಡಿತು, 1972ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸರು ಎಲ್.ಜಿ. ಹಾವನೂರರ ಆಯೋಗಕ್ಕೆ ಒಪ್ಪಿಸಿದರು. ಹಾವನೂರರು 1975ರಲ್ಲಿ ವರದಿ ಕೊಟ್ಟಾಗ ಜ್ಯೂರಿ ಇಲ್ಲದ ಆ ಹೊಸ ಸಂಹಿತೆ ಜಾರಿಯಾಗಿ ಒಂದು ವರ್ಷ ಕಳೆದಿತ್ತು.